ಚೌಡಿಯ ಮುಂದಿಟ್ಟ ತಪ್ಪುಕಾಣಿಕೆ

ಹುಡುಗಿಯನ್ನು ಮನೆಗೆ ಕಳಿಸುವ ಮೊದಲು ಮನೆಯನ್ನು ನೋಡಿ ಬರಬೇಕು. ಅವಳನ್ನು ಕರೆದೊಯ್ದು ಮಾರಿದವರು ಅಲ್ಲೇ ಇದ್ದಾರೋ, ಮತ್ತೆ ಮಾರುವ ಹಾಗಿದ್ದಾರೋ ಎಂದು ತಿಳಿಯದೆ ಯಾರನ್ನೂ ಬಿಟ್ಟು ಬರುವ ಹಾಗಿಲ್ಲ. ಇದು ಕಾಯ್ದೆ. ಕಾಯ್ದೆಯಲ್ಲಿ ಇಲ್ಲದ್ದೂ ಒಂದಿದೆ, ಅದನ್ನು ನಾವು ಪೆಟ್ಟು ತಿಂದು ಕಲಿತೆವು: ಜೀಪಿನಲ್ಲಿ ಹೋಗಬಾರದು. ಸರ್ಕಾರಿ ಜೀಪು ಒಂದು ಮನೆಯ ಮುಂದೆ ನಿಂತರೆ ಸಂಜೆಯೊಳಗೆ ಸುತ್ತಿನ ನಾಲ್ಕು ಊರಿಗೆ ಸುದ್ದಿ ಮುಟ್ಟುತ್ತದೆ. ಆಮೇಲೆ ಹುಡುಗಿ ಮನೆಗೆ ಹೋದರೂ ಒಂದೇ, ಹೋಗದಿದ್ದರೂ ಒಂದೇ.

ಅದಕ್ಕೆ ನಾವು ಬಸ್ಸಿನಲ್ಲಿ ಹೋಗುತ್ತೇವೆ. ನಾವು ಎಂದರೆ ನಾನು ಮತ್ತು ಕೌನ್ಸೆಲರ್ ಮೇಡಂ. ಶಿರಸಿಯಲ್ಲಿ ಇಂಥ ಹೆಂಗಸರಿಗಾಗಿ ಇರುವ ವಸತಿಗೃಹದಲ್ಲಿ ನಾನು ಇದ್ದೇನೆ. ನನ್ನ ಕೆಲಸಕ್ಕೆ ಗೃಹಮಾತೆ ಎಂದು ಹೆಸರು. ಅಡುಗೆ, ಕಾವಲು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ರಾತ್ರಿ ಕಿರುಚಿದವರಿಗೆ ನೀರು ಕೊಡುವುದು, ಎಲ್ಲ ಸೇರಿದ ಹೆಸರು ಅದು. ಹುಡುಗಿಯರು ಮಾತ್ರ ಅಜ್ಜಿ ಎನ್ನುತ್ತಾರೆ. ಮೂರನೇ ಇಯತ್ತೆ ಓದಿದವಳಿಗೆ ಅದೇ ಸರಿ.

ಈ ಹುಡುಗಿ ಬೇಸಿಗೆಯ ಶುರುವಿನಲ್ಲಿ ಬಂದಳು. ಗೋವಾ ಪೊಲೀಸರು ಅವಳನ್ನು ಒಂದು ಮನೆಯಿಂದ ಬಿಡಿಸಿ, ಅಲ್ಲಿಯ ಆಶ್ರಯದಲ್ಲಿ ಕೆಲವು ತಿಂಗಳು ಇಟ್ಟು, ಸ್ವಂತ ಜಿಲ್ಲೆ ಎಂದು ನಮ್ಮಲ್ಲಿಗೆ ಕಳಿಸಿದ್ದರು. ಯಲ್ಲಾಪುರ ತಾಲೂಕಿನ ಕಾಡಂಚಿನ ಒಂದು ಕೇರಿಯವಳು. ಹೋಗುವಾಗ ಹತ್ತೊಂಬತ್ತು ವರ್ಷ, ಬರುವಾಗ ಇಪ್ಪತ್ತೆರಡಂತೆ. ಮುಖ ನೋಡಿದರೆ ಯಾವ ಲೆಕ್ಕವೂ ಹೊಂದುತ್ತಿರಲಿಲ್ಲ. ನಾನು ಅವಳನ್ನು ತಬ್ಬಿಕೊಳ್ಳಲಿಲ್ಲ, ಕಣ್ಣೀರು ಹಾಕಲಿಲ್ಲ. ಹಂಡೆಯಲ್ಲಿ ಬಿಸಿನೀರಿದೆ, ಬಚ್ಚಲಿಗೆ ಒಳಗಿಂದ ಚಿಲಕ ಇದೆ ಎಂದೆ. ಇಂಥವರಿಗೆ ಮೊದಲು ತೋರಿಸಬೇಕಾದದ್ದು ಒಳಗಿನ ಚಿಲಕ. ಅವಳು ಎರಡು ಸಲ ಹಾಕಿ ತೆಗೆದು ನೋಡಿ ಆಮೇಲೆ ಸ್ನಾನಕ್ಕೆ ಹೋದಳು.

ಅವಳಿಗೆ ಬೇಕಾದದ್ದು ಒಂದೇ, ಮನೆ. ಟೇಲರಿಂಗ್ ಬೇಡ, ಕಂಪ್ಯೂಟರ್ ಬೇಡ, ಪರಿಹಾರದ ಅರ್ಜಿ ಬೇಡ. ಮೇಡಂ ಏನು ಕೇಳಿದರೂ ಉತ್ತರ ಅದೇ. ನನ್ನ ಹತ್ತಿರವೂ ಅದೇ ಮಾತು. ಒಂದು ದಿನ ಸಾರು ಉಂಡು, "ಅಜ್ಜಿ, ನಿಮ್ಮ ಸಾರು ಜೈಲಿನ ಸಾರಿಗಿಂತ ನೀರು. ಅದ್ಕಾದ್ರೂ ನನ್ನ ಮನೆಗೆ ಕಳಿಸಿ" ಎಂದಳು. ಅವಳು ನಗಿಸಲು ಹೇಳಿದ್ದು ಅದೊಂದೇ ಮಾತು.

ಮನೆ ನೋಡಲು ಹೊರಟೆವು. ಭೈರುಂಬೆ ದಾಟಿ, ಮಂಚಿಕೇರಿ ದಾಟಿ, ಅವರ ಊರಿನ ಒಂದು ಸ್ಟಾಪು ಮೊದಲೇ ಇಳಿದು ನಡೆದೆವು. ಕೈಯಲ್ಲಿ ದೊಡ್ಡ ಚೀಲ. ಯಾರಾದರೂ ಕೇಳಿದರೆ ಸಾರಿನ ಹುಳಿಗೆ ಹಾಕುವ ಒಣ ಮುರುಗಲು ಸಿಪ್ಪೆ ಕೊಳ್ಳಲು ಬಂದವರು ಎಂದು ಹೇಳುವುದು ನಮ್ಮ ಪದ್ಧತಿ. ಮೇಡಂಗೆ ಈ ಸುಳ್ಳು ಬಾಯಿಗೆ ಬರುವುದಿಲ್ಲ, ಹೇಳುವಾಗ ಕಿವಿ ಕೆಂಪಾಗುತ್ತದೆ. ಹಾಗಾಗಿ ಹೇಳುವುದು ನಾನು.

ಒಂದೇ ಅಂಗಳಕ್ಕೆ ಎರಡು ಮನೆ. ಒಂದರಲ್ಲಿ ಹುಡುಗಿಯ ತಾಯಿ ಒಬ್ಬಳೇ. ಗಂಡ ತೀರಿಹೋಗಿ ತುಂಬ ಕಾಲವಾಗಿತ್ತು. ಇನ್ನೊಂದರಲ್ಲಿ ಆ ಗಂಡನ ತಂಗಿ, ಎಂದರೆ ಹುಡುಗಿಯ ಸೋದರತ್ತೆ. ಮದುವೆಯಾದ ಮೇಲೂ ತವರಲ್ಲೇ ನಿಂತವಳು, ಪಾಲು ತೆಗೆದುಕೊಂಡವಳು. ತಾಯಿಯನ್ನು ಒಳಗೆ ಕೂರಿಸಿಕೊಂಡು ನಿಜ ಹೇಳಿದೆವು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು, ಹೊರಗೆ ಸದ್ದು ಹೋಗಬಾರದೆಂದು. ಆಮೇಲೆ ಕೇಳಿದ್ದು, ಎಲ್ಲಿ ಸಿಕ್ಕಿದಳು, ಮೈ ಸರಿ ಇದೆಯೋ ಎಂದು.

"ಕರ್ಕೊಂಡು ಬರ್ಬಹುದಾ?" ಎಂದು ನಾನು ಕೇಳಿದೆ.

"ನನ್ನ ಮಗ್ಳು, ಬೇಡ ಹೇಳ್ತ್ನಾ ಅಮ್ಮಾ. ಆದ್ರೆ ನಾದಿನಿ ಹತ್ರ ಒಂದ್ಮಾತು ಕೇಳ್ಬೇಕು."

ನಾದಿನಿಯನ್ನು ಯಾಕೆ ಕೇಳಬೇಕು ಎಂದೆ. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದಾಗ ನನಗೇ ಗೊತ್ತಾಯಿತು. ಬಾವಿ ಬೇಲಿಯಾಚೆ, ನಾದಿನಿಯ ಪಾಲಿನಲ್ಲಿ. ಬೇಲಿಯ ನಡುವೆ ಕಾಲಿಟ್ಟು ದಾಟಲು ಒಂದು ತಡಮೆ ಇಟ್ಟಿದ್ದರು, ತಾಯಿ ಅದನ್ನು ದಾಟಿ ಹೋಗಿ ನೀರು ತರುತ್ತಾಳೆ. ಇನ್ನೊಂದು ನೀರು ಎಂದರೆ ಗುಡ್ಡ ಇಳಿದು ಹೊಳೆ.

ಅಷ್ಟರಲ್ಲಿ ಅತ್ತೆಯೇ ಬೆಲ್ಲ-ನೀರು ಹಿಡಿದು ಬಂದಳು. ಐವತ್ತರ ಹೆಂಗಸು, ನಯವಾದ ಮಾತು, ಶುಭ್ರ ಸೀರೆ. ತಾಯಿ ಪಿಸುಗುಟ್ಟಿ ವಿಷಯ ತಿಳಿಸಿದಳು. ಅತ್ತೆ "ಅಯ್ಯೋ ದೇವ್ರೇ, ಬಂತಲ್ಲ ಕೂಸು" ಎಂದು ಕೈ ಮುಗಿದಳು. ಯಾವಾಗ ಬರುತ್ತಾಳೆ ಎಂದು ಕೇಳಿದಳು, ಕೇಸು ಎಲ್ಲಿ ನಡೆಯುತ್ತದೆ ಎಂದು ಕೇಳಿದಳು. ಎಲ್ಲಿ ಸಿಕ್ಕಿದಳು ಎಂದು ಕೇಳಲಿಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿದ ಎಲ್ಲ ಮನೆಗಳಲ್ಲೂ ಮೊದಲ ಪ್ರಶ್ನೆ ಅದೇ. ಅದನ್ನು ಕೇಳದವರು ಉತ್ತರ ಗೊತ್ತಿದ್ದವರು.

ಶಿರಸಿಗೆ ಬಂದು ಅಕ್ಕಿ ಆರಿಸುತ್ತ ಕೂತಿದ್ದ ಹುಡುಗಿಯ ಎದುರು ಕೂತು, ನಿನ್ನ ಅತ್ತೆ ಬೆಲ್ಲ ಕೊಟ್ಟಳು ಎಂದೆ. ಮೊರದ ಮೇಲೆ ಓಡಾಡುತ್ತಿದ್ದ ಕೈ ನಿಂತಿತು.

"ಗೋವಾದಲ್ಲಿ ಬರ್ಸಿದ್ದೆ ಅಲ್ದಾ ಅಜ್ಜಿ. ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ ಗುರ್ತಿಲ್ಲದ ಹೆಂಗ್ಸು ಅಂತ."

"ಬರ್ಸಿದ್ದು ಕೇಳ್ಲಿಲ್ಲ ನಾನು."

"ನಂಗೆ ಮನೆಗೆ ಹೋಗ್ಬೇಕು" ಎಂದಳು. ಕೈ ಮತ್ತೆ ಓಡಾಡತೊಡಗಿತು.

ಮೇಡಂಗೆ ಹೇಳಿದೆ. ಅವರು ಓದಿದವರು, ಒಳ್ಳೆಯವರು, ಎಲ್ಲವನ್ನೂ ಎರಡು ಸಲ ಯೋಚಿಸುವವರು. "ಹೆಸರು ಅವಳ ಬಾಯಿಂದ ಬರಬೇಕು ಅಜ್ಜಿ. ನಿಮ್ಮ ಮೂಗಿಗೆ ವಾಸನೆ ಬಂದದ್ದನ್ನು ಕೋರ್ಟಿಗೆ ಕೊಡಲಿಕ್ಕೆ ಬರುವುದಿಲ್ಲ" ಎಂದರು. ಹುಡುಗಿ ಪ್ರಾಯಕ್ಕೆ ಬಂದವಳು, ಹೋಗುತ್ತೇನೆ ಎಂದರೆ ಕಟ್ಟಿಹಾಕುವ ಅಧಿಕಾರ ನಮಗಿಲ್ಲ, ಸ್ವಲ್ಪ ದಿನ ನೋಡೋಣ ಎಂದರು. ನೋಡಿದೆವು. ಅವಳು ಊಟ ಕಡಿಮೆ ಮಾಡಿದಳು.

ಆಗ ಊರಿನಿಂದ ಸುದ್ದಿ ಬಂತು. ಅತ್ತೆ ತಾನೇ ಹೋಗಿ ಹೇಳಿ, ಕೇರಿಯ ಹಿರಿಯರು ಕೂತು ಮಾತಾಡಿದ್ದಾರೆ, ಅವಳು ಊರದೇವಿ ಚೌಡಿಯ ಮುಂದೆ ತಪ್ಪುಕಾಣಿಕೆ ಇಡುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ, ಹುಡುಗಿ ಮನೆಗೆ ಬರಲಿ ಎಂದು. ನಮ್ಮ ಕಡೆಯಿಂದಲೂ ಒಬ್ಬರು ಬಂದು ನಿಲ್ಲಬೇಕಂತೆ.

ತಪ್ಪುಕಾಣಿಕೆ ನನಗೆ ಹೊಸದಲ್ಲ. ನಾನು ಸಿದ್ದಾಪುರ ಕಡೆಯವಳು. ಗಡಿಕಲ್ಲು ಸರಿಸಿದವನು, ದನ ಹೊಡೆದವನು, ಸುಳ್ಳು ಅಪವಾದ ಹೊರಿಸಿದವನು ಚೌಡಿಯ ಕಟ್ಟೆಗೆ ಬಂದು ಬಾಳೆಲೆಯ ಮೇಲೆ ತೆಂಗಿನಕಾಯಿ, ವೀಳ್ಯ, ಒಂದು ನಾಣ್ಯ ಇಟ್ಟು ತಪ್ಪಾಯ್ತು ಎಂದರೆ ಜಗಳ ಅಲ್ಲಿಗೆ ನಿಲ್ಲುತ್ತದೆ. ಪೊಲೀಸು ಕೋರ್ಟು ಎಂದು ವರ್ಷಗಟ್ಟಲೆ ಅಲೆಯುವುದಕ್ಕಿಂತ ಒಳ್ಳೆಯದೇ. ಆದರೆ ಒಂದು ಕಟ್ಟು ಇದೆ. ಕಾಣಿಕೆ ಬಿದ್ದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತಬಾರದು. ಎತ್ತಿದರೆ ತಪ್ಪು ಎತ್ತಿದವರ ಮೇಲೆ ಬರುತ್ತದೆ. ನಾನು ನಂಬುವವಳೇ. ಈಗಲೂ ಚೌಡಿಯ ಕಟ್ಟೆ ದಾಟುವಾಗ ಚಪ್ಪಲಿ ಬಿಚ್ಚುತ್ತೇನೆ.

ಮೇಡಂಗೆ ಇದೆಲ್ಲ ರಾಜಿಯ ಒಳ್ಳೆಯ ಲಕ್ಷಣವಾಗಿ ಕಂಡಿತು. ಕೇರಿಯೇ ಸ್ವೀಕರಿಸುತ್ತಿದೆ, ಇದಕ್ಕಿಂತ ಹೆಚ್ಚು ಏನು ಬೇಕು ಎಂದರು. ನನಗೆ ಸರಿ ಕಾಣಲಿಲ್ಲ. ತಪ್ಪು ಮಾಡದವಳು ಯಾಕೆ ಕಾಣಿಕೆ ಇಡುತ್ತಾಳೆ ಎಂದು ಕೇಳಿದೆ. ಹುಡುಗಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎನ್ನುವ ತಪ್ಪಂತೆ ಎಂದರು.

ಹೋದೆವು. ಹುಡುಗಿಯೂ ಬಂದಳು, ನಾನು ಕೊಟ್ಟ ಹಳದಿ ಚೂಡಿದಾರ ಹಾಕಿಕೊಂಡು. ಮರದ ಕೆಳಗೆ ಕಲ್ಲು, ಕಲ್ಲಿಗೆ ಕುಂಕುಮ. ಹತ್ತಿಪ್ಪತ್ತು ಜನ. ಅತ್ತೆ ಎಲೆ ಹಾಸಿ ಕಾಯಿ ಇಟ್ಟು ಅಡ್ಡಬಿದ್ದು, "ತಿಳ್ದೋ ತಿಳೀದೆಯೋ ನನ್ನಿಂದ ಆದ ತಪ್ಪನ್ನ ತಾಯಿ ಹೊಟ್ಟೆಗೆ ಹಾಕ್ಕೊಳ್ಬೇಕು" ಎಂದಳು. ಎಂಥ ತಪ್ಪು ಎಂದು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಕೇರಿಯ ಹಿರಿಯ ಕುಂಕುಮ ಹಚ್ಚಿ, ಇಲ್ಲಿಗೆ ಮುಗಿಯಿತು, ಇನ್ನು ಈ ವಿಷಯ ಎತ್ತಿದವರು ಚೌಡಿತಾಯಿಗೆ ಉತ್ತರ ಹೇಳಬೇಕು ಎಂದ. ಹಾಗೆ ಹೇಳುವಾಗ ಅವನು ನೋಡಿದ್ದು ಹುಡುಗಿಯ ಕಡೆ.

ಅಂದೇ ಅವಳನ್ನು ಮನೆಯಲ್ಲಿ ಬಿಟ್ಟೆವು. ತಾಯಿ ಬಾಗಿಲಲ್ಲಿ ನೀರು ನಿವಾಳಿಸಿ ಒಳಗೆ ಕರೆದಳು. ಹುಡುಗಿ ಸೀದಾ ಒಲೆಯ ಹತ್ತಿರ ಹೋಗಿ ಕೂತಳು. ಅಡುಗೆ ಮಾಡಲಿಕ್ಕಲ್ಲ, ಸುಮ್ಮನೆ. ಕರೆದುಕೊಂಡು ಬಂದ ನಮ್ಮ ಕಡೆ ತಿರುಗಿ ನೋಡಲಿಲ್ಲ. ಅದು ಒಳ್ಳೆಯ ಗುರುತು. ತಿರುಗಿ ನೋಡದವರು ಮನೆ ಸೇರಿದವರು ಎಂದು ಬಸ್ಸಿನಲ್ಲಿ ಮೇಡಂಗೆ ನಾನೇ ಹೇಳಿದೆ.

ಬಿಟ್ಟು ಬಂದ ಮೇಲೆಯೂ ನಮ್ಮ ಕೆಲಸ ಮುಗಿಯುವುದಿಲ್ಲ. ನಡುನಡುವೆ ಹೋಗಿ ನೋಡಬೇಕು. ಮೊದಲ ಸಲ ಹೋದಾಗ ಹುಡುಗಿ ಮೈಕೈ ತುಂಬಿಕೊಂಡಿದ್ದಳು. ಎರಡನೇ ಸಲ ಹೋದಾಗ ಮುರುಗಲು ಮುಗಿದಿತ್ತು, ಕೇರಿಗೆ ನಮ್ಮ ಗುರುತಿದ್ದರೂ ದಾರಿಯಲ್ಲಿ ಕೇಳುವವರಿಗೆಂದು ನಾನು ಜೇನು ಕೊಳ್ಳುವ ನೆಪ ಮಾಡಿಕೊಂಡು ಒಬ್ಬಳೇ ಹೋಗಿದ್ದೆ. ಹುಡುಗಿ ತಡಮೆಯ ಈಚೆ ಕೊಡಪಾನ ಇಟ್ಟುಕೊಂಡು ನಿಂತಿದ್ದಳು. ತಾಯಿ ಕೂಲಿಗೆ ಹೋಗಿದ್ದಳು.

"ನೀರಿಗೆ ಹೋಗೂದಿಲ್ಲೇನೆ?"

"ಅತ್ತೆ ಆಚೆ ಇದ್ದಾಳೆ. ಅವ್ಳು ಒಳಗೆ ಹೋದ್ಮೇಲೆ ಹೋಗ್ತೆ."

ಬಯ್ಯುತ್ತಾಳೋ ಎಂದು ಕೇಳಿದೆ. ಬಯ್ಯುವುದಿಲ್ಲ, ಪ್ರೀತಿಯಲ್ಲಿ ಮಾತಾಡುತ್ತಾಳೆ ಎಂದಳು. ಕೊಡ ಎತ್ತಿಕೊಡುತ್ತಾಳಂತೆ, ತಲೆ ಸವರುತ್ತಾಳಂತೆ. ಆಮೇಲೆ ನೆಲ ನೋಡುತ್ತ ಹೇಳಿದಳು: "ಇಲ್ಲಿ ನಿನ್ನ ಯಾರು ಮದ್ವೆ ಆಗ್ತಾರೆ ಮಗಾ ಅಂತಾಳೆ. ಬೆಳಗಾವಿ ಕಡೆ ಒಂದು ಮನೆ ಉಂಟಂತೆ. ಈ ಸಲ ಒಳ್ಳೆ ಮನೆ ಅಂತೆ."

ಈ ಸಲ. ನಾನು ಇನ್ನೊಮ್ಮೆ ಹೇಳಿಸಲಿಲ್ಲ. ಹುಡುಗಿಗೂ ತಾನು ಏನು ಹೇಳಿದೆ ಎಂದು ಗೊತ್ತಿತ್ತು. ಆಚೆ ಅತ್ತೆ ಬಾವಿಕಟ್ಟೆ ತೊಳೆಯುತ್ತಿದ್ದಳು. ನನ್ನನ್ನು ಕಂಡು, ಆಸರಿಗೆ ಕುಡಿದು ಹೋಗಿ ಅಮ್ಮ ಎಂದು ಕರೆದಳು. ನಾನು ಹೋಗಲಿಲ್ಲ.

ತಾಯಿ ಬರುವವರೆಗೆ ಕಾದೆ. ಅವಳಿಗೆ ಗೊತ್ತಿತ್ತು. ಮೊದಲಿನಿಂದ ಗೊತ್ತಿತ್ತೋ ಕಾಣಿಕೆಯ ದಿನ ಗೊತ್ತಾಯಿತೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಗಳನ್ನು ಬೆಳಗಾವಿಗೆ ಕಳಿಸುವುದಿಲ್ಲ ಎಂದು ಮಾತ್ರ ಗಟ್ಟಿಯಾಗಿ ಹೇಳಿದಳು. ನೀನು ಕೂಲಿಗೆ ಹೋದಾಗ ಯಾರು ಕಾಯುತ್ತಾರೆ ಎಂದೆ. ದೇವರು ಎಂದಳು. ಹೋದ ಸಲ ದೇವರು ಎಲ್ಲಿಗೆ ಹೋಗಿತ್ತು ಎಂದು ನಾನು ಕೇಳಿಬಿಟ್ಟೆ. ಅದಕ್ಕೆ ಅವಳು ಒಲೆಗೆ ಕಟ್ಟಿಗೆ ತುಂಬತೊಡಗಿದಳು.

ಅದೇ ಹೊತ್ತಿಗೆ ಗೋವಾದಿಂದ ಪೊಲೀಸರು ಬರುತ್ತಾರೆ ಎಂದು ಮೇಡಂಗೆ ಫೋನು ಬಂತು. ಚಾರ್ಜ್‌ಶೀಟ್ ಹಾಕುವ ಮೊದಲು ಇನ್ನೊಂದು ಹೇಳಿಕೆ ಬೇಕಂತೆ. ಅಲ್ಲಿಯ ಮನೆ ನಡೆಸಿದವರು ಸಿಕ್ಕಿದ್ದಾರೆ, ಊರಿನಿಂದ ಕರೆತಂದವರ ಜಾಗ ಮಾತ್ರ ಖಾಲಿ ಇದೆ. ಕೇರಿಗೆ ಪೊಲೀಸರು ಬರುವುದು ಬೇಡ, ಹುಡುಗಿಯನ್ನೇ ಶಿರಸಿಗೆ ಕರೆಸುತ್ತೇವೆ ಎಂದು ಮೇಡಂ ಒಪ್ಪಿಸಿದರು. ಆಸ್ಪತ್ರೆಗೆ ತೋರಿಸುವುದಿದೆ ಎಂದು ಹೇಳಿ ನಾನು ಹೋಗಿ ಕರೆತಂದೆ.

ಹೇಳಿಕೆಯ ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಅವಳು ಹೆಚ್ಚಿದ ಹೋಳನ್ನು ಪಾತ್ರೆಗೆ ತುಂಬುತ್ತ ಕೇಳಿದಳು:

"ಅಜ್ಜಿ, ಕಾಣ್ಕೆ ಬಿದ್ಮೇಲೆ ಹೇಳ್ಬಹುದಾ?"

ಮೇಡಂಗೆ ಈ ಪ್ರಶ್ನೆ ಹೋಗಿದ್ದರೆ ಅವರು ಕಾಯ್ದೆ ಹೇಳುತ್ತಿದ್ದರು. ಹುಡುಗಿ ಕೇಳಿದ್ದು ಕಾಯ್ದೆಯನ್ನಲ್ಲ. ಹೇಳಿದರೆ ಚೌಡಿ ತನ್ನನ್ನು, ತನ್ನ ತಾಯಿಯನ್ನು ಏನು ಮಾಡುತ್ತಾಳೆ ಎಂದು ಕೇಳಿದ್ದು. ಚೌಡಿ ಏನೂ ಮಾಡುವುದಿಲ್ಲ, ಅದೆಲ್ಲ ಸುಳ್ಳು ಎಂದು ನಾನು ಹೇಳಿದರೆ ಅವಳು ನಂಬುತ್ತಿರಲಿಲ್ಲ. ನಾನೂ ನಂಬುತ್ತಿರಲಿಲ್ಲ. ಇನ್ನೊಂದು ಹೆದರಿಕೆಯೂ ನನಗಿತ್ತು. ಹೇಳು ಎಂದರೆ ಅವಳ ಮನೆ ಹೋಗುತ್ತದೆ. ಅವಳು ಬಂದ ದಿನದಿಂದ ಕೇಳಿದ್ದು ಅದೊಂದನ್ನೇ. ಅದನ್ನು ತೆಗೆಯುವ ಮಾತು ನನ್ನ ಬಾಯಿಂದ ಬರಬೇಕಾಗಿತ್ತು. ಸುಮ್ಮನಿರು ಎನ್ನುವುದೂ ನನಗೆ ಸುಲಭವಿತ್ತು. ಮನೆಗೆ ಕಳಿಸಿದವರು ಎಂಬ ಹೆಸರು ನಮಗೆ ಉಳಿಯುತ್ತಿತ್ತು, ಮಳೆಗಾಲದೊಳಗೆ ಅವಳು ಬೆಳಗಾವಿಯಲ್ಲಿರುತ್ತಿದ್ದಳು.

ನಾನು ಹೆಚ್ಚುವುದನ್ನು ನಿಲ್ಲಿಸಿದೆ.

"ಅವ್ಳು ಕಾಣ್ಕೆ ಇಟ್ಟದ್ದು ಯಾರ ಮುಂದೆ?"

"ಚೌಡಿ ಮುಂದೆ."

"ನಿನ್ನ ಮುಂದೆ ಇಟ್ಳಾ? ನಿನ್ನ ಹತ್ರ ತಪ್ಪಾಯ್ತು ಅಂದ್ಳಾ?"

"ಇಲ್ಲ."

"ದೇವ್ರಿಗೆ ಇಟ್ಟದ್ದು ದೇವ್ರು ನೋಡ್ಕೊಳ್ತದೆ. ನಿಂಗೆ ಮಾಡಿದ್ದು ನಿನ್ನ ಹತ್ರವೇ ಉಂಟು. ಹೇಳು, ಬಿಡು, ಅದು ನಿಂದು. ಹೇಳಿದ್ರೆ ಮನೆ ಹೋಗ್ತದೆ, ಅದನ್ನೂ ಈಗ್ಲೇ ಹೇಳಿಬಿಡ್ತೆ. ಆಮೇಲೆ ಅಜ್ಜಿ ಹೇಳ್ಲಿಲ್ಲ ಅನ್ಬೇಡ."

ಅವಳು ಎದ್ದು ಹೋದಳು. ಸಂಜೆ ಊಟಕ್ಕೆ ಬರಲಿಲ್ಲ. ನಾನು ಕರೆಯಲೂ ಹೋಗಲಿಲ್ಲ.

ಮಾರನೆಯ ದಿನ ಒಬ್ಬ ಮಹಿಳಾ ಅಧಿಕಾರಿ ಮಾಮೂಲಿ ಬಟ್ಟೆಯಲ್ಲೇ ಬಂದಿದ್ದರು. ಅವರದು ಕೊಂಕಣಿ, ಹುಡುಗಿಯದು ಕನ್ನಡ, ನಡುವೆ ಮೇಡಂ. ಗುರುತಿನ ಜನ ಎದುರಿಗಿದ್ದರೆ ಕೆಲವರಿಗೆ ಬಾಯಿ ಬರುವುದಿಲ್ಲ, ಹಾಗಾಗಿ ನಾನು ಹೊರಗೆ ಕೂತೆ. ಹೇಳಿಕೆ ಎಂದರೆ ಹೊರಗಿನವರಿಗೆ ಒಂದು ಮಾತು ಅನಿಸಬಹುದು. ಅಲ್ಲ. ಯಾವ ಬಸ್ಸು, ಯಾವ ಕಡೆ ಕೂತೆ, ಊಟ ಎಲ್ಲಿ ಮಾಡಿದಿರಿ, ಅತ್ತೆ ಯಾರ ಫೋನಿನಿಂದ ಮಾತಾಡಿದಳು, ಎಲ್ಲಿ ನಿನ್ನ ಕೈ ಬಿಟ್ಟಳು ಎಂದು ಒಂದೊಂದನ್ನೂ ಮೂರು ಮೂರು ಸಲ ಕೇಳುತ್ತಾರೆ. ಬಾಗಿಲು ತೆಗೆದಾಗ ಮೇಡಂ ಮುಖ ಬೆಳ್ಳಗಾಗಿತ್ತು. ಹುಡುಗಿ ಸರಿಯಾಗಿಯೇ ಇದ್ದಳು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು, ನಿನ್ನೆಯ ಅನ್ನ ಇದೆಯೋ ಎಂದು ಕೇಳಿದಳು.

ಅತ್ತೆಯನ್ನು ಹಿಡಿದದ್ದು ಯಲ್ಲಾಪುರದ ಪೇಟೆಯಲ್ಲಿ. ಕೇರಿಗೆ ಬರಬೇಡಿ ಎಂಬ ಮಾತನ್ನು ಆ ಅಧಿಕಾರಿ ಉಳಿಸಿಕೊಂಡರು. ಅದರಿಂದ ಪ್ರಯೋಜನ ಆಗಲಿಲ್ಲ. ಸುದ್ದಿ ಕೇರಿಗೆ ಮುಟ್ಟಿದ ದಿನವೇ ಅತ್ತೆಯ ಗಂಡ ತಡಮೆ ಕಿತ್ತು ಬೇಲಿಗೆ ಮುಳ್ಳು ತುಂಬಿಸಿದ. ಹುಡುಗಿ ಕಾಣಿಕೆ ಮುರಿದಳು ಎಂದು ಕೇರಿ ತೀರ್ಮಾನ ಮಾಡಿತು. ಮಾರಿದವಳ ಮಾತು ಅಲ್ಲಿ ಯಾರೂ ಆಡಲಿಲ್ಲ, ಅದು ಮುಗಿದ ವಿಷಯ. ಮುರಿದವಳ ಮಾತು ಮಾತ್ರ ಉಳಿಯಿತು. ತಾಯಿಯನ್ನು ಕೂಲಿಗೆ ಕರೆಯುವುದು ಕಡಿಮೆಯಾಯಿತು. ಅವಳು ಹೊಳೆಯಿಂದ ನೀರು ಹೊರುತ್ತಾಳೆ. ಮೊಣಕಾಲು ಊದಿದೆ ಎಂದು ಕೇಳಿ ನಾನು ಎಣ್ಣೆ ಕಳಿಸಿದೆ. ಅವಳು ತೆಗೆದುಕೊಳ್ಳಲಿಲ್ಲ.

ನೀರಿಗೆ ಬೇರೆ ದಾರಿ ಮಾಡಿಸಲು ಮೇಡಂ ಪಂಚಾಯ್ತಿಗೆ ಓಡಾಡಿದರು. ಪೈಪು ಬರುತ್ತದೆ ಎಂದಿದ್ದಾರೆ. ಬಂದರೂ ಅದು ನೀರಿನ ವಿಷಯ ಅಷ್ಟೇ.

ಹುಡುಗಿ ಈಗ ಶಿರಸಿಯಲ್ಲಿ ಇನ್ನಿಬ್ಬರ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಕಡೆ ಕೆಲಸ. ನೆನೆಸಿದ ಹಾಳೆಯನ್ನು ಕಾದ ಅಚ್ಚಿನ ಕೆಳಗೆ ಇಟ್ಟು ಒತ್ತಿ, ಸುಡುತ್ತಿರುವಾಗಲೇ ಎತ್ತಬೇಕು. ಬೆರಳ ತುದಿಗಳು ಮೊದಲು ಬೊಬ್ಬೆ ಎದ್ದವು, ಈಗ ಗಟ್ಟಿಯಾಗಿವೆ. ಜೊತೆಯವರಿಗೆ ಏನೂ ಗೊತ್ತಿಲ್ಲ. ಕೆಲಸಕ್ಕೆ ಸೇರಿಸಿದ್ದು ನಾನು, ಏನು ಸಂಬಂಧ ಎಂದು ಕೇಳಿದ ಯಜಮಾನನಿಗೆ ಮೊಮ್ಮಗಳು ಎಂದೆ. ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುವಾಗ ಅವಳು ವಸತಿಗೃಹಕ್ಕೆ ಬರುತ್ತಾಳೆ, ಬಂದು ಪಾತ್ರೆ ತಿಕ್ಕುತ್ತಾಳೆ. ನಾನು ಬೇಡ ಎನ್ನುವುದಿಲ್ಲ.

ದೀಪಾವಳಿಯ ಮುಂಚೆ ತಾಯಿ ಫೋನು ಮಾಡಿಸಿದ್ದಳು, ಯಲ್ಲಾಪುರದ ಬಸ್ ಸ್ಟ್ಯಾಂಡಿಗೆ ಮಗಳನ್ನು ಕರೆತರಬೇಕೆಂದು. ಕರೆದುಕೊಂಡು ಹೋದೆ. ತಾಯಿ ಕಂಬದ ಮರೆಯ ಬೆಂಚಿನಲ್ಲಿ ಕೂತಿದ್ದಳು. ಊರಿನವರು ಇಳಿಯುವ ಕಡೆ ಬೆನ್ನು ಹಾಕಿ. ಮಗಳು ಪಕ್ಕದಲ್ಲಿ ಕೂತಳು. ತಾಯಿ ಅವಳ ಬೆರಳನ್ನು ತಿರುಗಿಸಿ ನೋಡಿದಳು, ಇದೆಂತ ಎಂದಳು. ಮಗಳು ಬಿಸಿ ತಾಗಿದ್ದು ಎಂದಳು. ಒಂದು ಬಸ್ಸು ಹೋಯಿತು, ಇನ್ನೊಂದು ಬಂತು. ಮಗಳು ನೀರು ತರುತ್ತೇನೆ ಎಂದು ಎದ್ದು ಅಂಗಡಿಯ ಕಡೆ ಹೋದಳು.

ಆಗ ತಾಯಿ ನನ್ನ ಕಡೆ ತಿರುಗಿದಳು.

"ಯಾವಾಗ ಮನೆಗೆ ಕಳಿಸ್ತೀರಿ ಅಮ್ಮಾ, ಕೂಸನ್ನ?"

"ನೀನು ಕರೆದ ದಿನ. ಕರಿ, ನಾಳೆ ಬೆಳಗ್ಗೆ ತಂದು ಬಿಡ್ತೆ."

ಅವಳು ಬಾಯಿ ತೆರೆದಳು. ಅವರ ಊರಿನ ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡು, ಸೀಟು ಸಿಗೂದಿಲ್ಲ ಎಂದು ಹೇಳಿ ಹತ್ತಿದಳು.

ಮಗಳು ನೀರಿನ ಬಾಟಲಿ ಹಿಡಿದು ಬರುವಾಗ ಬಸ್ಸು ತಿರುವಿನಲ್ಲಿತ್ತು. ಅವ್ವ ಏನಂದಳು ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದೆ. ಇಬ್ಬರೂ ಶಿರಸಿ ಬಸ್ಸಿಗೆ ಕಾಯುತ್ತ ಕೂತೆವು.